ಕಂಪ್ಯೂಟರಿಗೆ ತೂರಿದ ಮಣ್ಣು

ಬೈಯುವುದನ್ನು ನನಗೆ ಕಲಿಸಿದವಳು ನನ್ನ ಅವ್ವ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಿ.ಜಿ. ಕೆರೆಯಿಂದ ಒಳಗೆ ಹೋದರೆ ಸಿಗುವ ಹಳ್ಳಿ ನಮ್ಮದು. ಮನೆಯ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅವ್ವನ ಸಿಟ್ಟು ಮಾತ್ರ ಪೂರಾ ತೆಲುಗು.

ನಮ್ಮ ಕಡೆ ಹೆಂಗಸರಿಗೆ ಅನ್ಯಾಯವಾದರೆ, ಹೇಳಿ ಹೇಳಿ ಸಾಕಾದ ಮೇಲೆ ಕೊನೆಗೆ ಒಂದು ದಾರಿ ಇತ್ತು. ಅನ್ಯಾಯ ಮಾಡಿದವನ ಬಾಗಿಲ ಮುಂದೆ ಹೋಗಿ ನಿಂತು, ಒಂದು ಹಿಡಿ ಮಣ್ಣು ತೆಗೆದು, ಅವನ ಹೊಸ್ತಿಲ ಕಡೆ ತೂರಿ ಶಾಪ ಹಾಕುವುದು. ಅದಕ್ಕೆ ಕಟ್ಟುಪಾಡು ಇತ್ತು. ಹಗಲಲ್ಲೇ ಹೋಗಬೇಕು. ನಾಲ್ಕು ಜನ ನೋಡಬೇಕು. ಅವನ ಮಕ್ಕಳನ್ನು ಎತ್ತಿ ಆಡಬಾರದು. ಮುಖ್ಯವಾಗಿ, ಯಾರು ತೂರಿದರು ಎನ್ನುವುದು ಅವನಿಗೆ ಗೊತ್ತಾಗಬೇಕು. ಮರೆಯಲ್ಲಿ ನಿಂತು ತೂರುವವಳಿಗೆ ಊರಿನಲ್ಲಿ ಬೆಲೆ ಇರಲಿಲ್ಲ.

ಅವ್ವ ಹಾಗೆ ಮಾಡಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಪಕ್ಕದ ಹೊಲದವನು ಬದುವಿನ ಕಲ್ಲನ್ನು ನಮ್ಮ ಕಡೆಗೆ ಸರಿಸಿದ್ದ. ಅವ್ವ ಅವನ ಬಾಗಿಲಿಗೆ ಹೋಗಿ, "ನೀ ಇಲ್ಲು ಪಾಡುಗಾನು" ಎಂದು ಮಣ್ಣು ತೂರಿದಳು. ನಿನ್ನ ಮನೆ ಹಾಳಾಗ ಎಂದು ಅದರ ಅರ್ಥ. ಅವನ ಮನೆ ಹಾಳಾಗಲಿಲ್ಲ. ಮೂರನೆಯ ದಿನ ಊರಿನ ಹಿರಿಯನೊಬ್ಬನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ, ಕಲ್ಲು ಮತ್ತೆ ಮೊದಲಿನ ಜಾಗಕ್ಕೆ ಹೋಯಿತು. ಅವ್ವ ಒಂದು ಚೊಂಬು ನೀರು ತೆಗೆದುಕೊಂಡು ಹೋಗಿ ಅವನ ಹೊಸ್ತಿಲ ಮುಂದೆ ಸುರಿದು ಬಂದಳು. ಶಾಪ ವಾಪಸ್ಸಾಯಿತು ಎಂದು ಲೆಕ್ಕ. ಆಮೇಲೆ ಅದೇ ಮನೆಯಿಂದ ಹಾಲಿಗೆ ಹೆಪ್ಪು ತರುತ್ತಿದ್ದಳು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಮುಂದೆ ನಾನು ಮಾಡಿದ್ದು ತಲೆಕೆಟ್ಟು ಮಾಡಿದ್ದಲ್ಲ. ಕಟ್ಟುಪಾಡಿನಂತೆಯೇ ಮಾಡಿದೆ.

ನನ್ನನ್ನು ಚಳ್ಳಕೆರೆಗೆ ಕೊಟ್ಟರು. ಗಂಡ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಸತ್ತ. ಅವನ ತಿಥಿ ಕಳೆದ ಮೇಲೆ ಅದೇ ಮಿಲ್ಲಿಗೆ ನಾನು ಬೀಜ ಆರಿಸಲು ಹೋದೆ. ಹೆಂಗಸರೆಲ್ಲ ಸಾಲಾಗಿ ಕೂತು ಮೊರದಲ್ಲಿ ಬೀಜ ಹರಡಿಕೊಂಡು ಕಲ್ಲು, ಜೊಳ್ಳು, ಮುಗ್ಗು ಹಿಡಿದ ಬೀಜ ಬೇರೆ ಮಾಡುವ ಕೆಲಸ. ಸಿಪ್ಪೆಯ ಹೊಟ್ಟು ದಿನವಿಡೀ ಹಾರುತ್ತದೆ. ಮೂಗಿನಲ್ಲಿ, ಕಿವಿಯಲ್ಲಿ, ಊಟದ ಡಬ್ಬಿಯಲ್ಲಿ ಅದೇ. ಇಪ್ಪತ್ತು ವರ್ಷಕ್ಕೆ ಮೇಲೆ ಆ ಹೊಟ್ಟು ಕುಡಿದಿದ್ದೇನೆ. ಕೆಮ್ಮು ಈಗಲೂ ಇದೆ.

ತೊಂಬತ್ತರ ಆಚೆ ಈಚೆ ದೊಡ್ಡವರಿಗೆ ಅಕ್ಷರ ಕಲಿಸುವವರು ಊರೂರಿಗೆ ಬಂದರು. ನಾನು ನನ್ನ ಹೆಸರು ಬರೆಯುವಷ್ಟು ಕಲಿತು ಬಿಟ್ಟುಬಿಟ್ಟೆ. ಉಳಿದದ್ದನ್ನು ಕಲಿಸಿದವಳು ಮಗಳು. ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಿಲಿನಲ್ಲಿ ಬರೆದು ಓದಿಸುತ್ತಿದ್ದಳು. ತಪ್ಪಾದರೆ ನನ್ನ ಕೈಗೆ ಹೊಡೆಯುತ್ತಿದ್ದಳು. ಟೀಚರ್ ಆಗುವ ಹುಚ್ಚು ಅವಳಿಗೆ ಆಗಿನಿಂದಲೇ. ಪಿಯುಸಿ ಆಯಿತು, ಟಿ.ಸಿ.ಎಚ್. ಆಯಿತು. ಕೆಲಸಕ್ಕೆ ಅರ್ಜಿ ಹಾಕಿ ಕಾಯುವ ಹೊತ್ತಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಅಂಗಡಿಗೆ ಸೇರಿಕೊಂಡಳು. ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು. ಬರುವವರಿಗೆ ಅರ್ಜಿ ತುಂಬಿಕೊಡುವುದು, ರಿಸಲ್ಟ್ ನೋಡಿ ಹೇಳುವುದು ಅವಳ ಕೆಲಸ. ತನ್ನ ರಿಸಲ್ಟನ್ನೂ ಅವಳು ಅಲ್ಲೇ ನೋಡಿಕೊಂಡಳು. ಪ್ರೈಮರಿ ಶಾಲೆಗೆ ಆಯ್ಕೆಯಾಗಿದ್ದಳು. ಪೊಲೀಸರಿಂದ ನಡತೆಯ ಕಾಗದವೊಂದು ಹೋದರೆ ಆರ್ಡರ್ ಕೈಗೆ ಬರುತ್ತದೆ ಎಂದಳು. ಎರಡು ಸಾವಿರದ ಇಸವಿಯ ಮೊದಲ ದಶಕ ಮುಗಿಯುತ್ತಾ ಬಂದಿತ್ತು.

ಆ ಹೊತ್ತಿಗೇ ನಮ್ಮ ಮಿಲ್ಲುಗಳ ಹಿಂದೆ ಪಾಯಿಖಾನೆ ಕಟ್ಟಿದ್ದು. ಹೆಂಗಸರಿಗೆ ಎಂದೇ ಕಟ್ಟಿದ್ದು. ಬಿಳಿ ಟೈಲ್ಸು, ನೀರಿನ ಟ್ಯಾಂಕು, ಬಾಗಿಲ ಮೇಲೆ ಸೀರೆ ಉಟ್ಟ ಹೆಂಗಸಿನ ಚಿತ್ರ. ನಮ್ಮ ವಾರ್ಡಿನ ಮೆಂಬರು ಬಂದು ರಿಬ್ಬನ್ ಕತ್ತರಿಸಿದ, ಫೋಟೊ ತೆಗೆದರು, ನಮಗೆಲ್ಲ ಒಂದೊಂದು ಲಾಡು ಕೊಟ್ಟರು. ವಾರ ಕಳೆಯುವುದರೊಳಗೆ ಬೀಗ ಬಿತ್ತು. ಮೆಂಬರಿನ ಭಾವಮೈದ ಅದರೊಳಗೆ ಸಿಮೆಂಟ್ ಮೂಟೆ ಇಟ್ಟ. ನಾವು ಮೊದಲಿನಂತೆ ಜಾಲಿ ಗಿಡಗಳ ಮರೆಗೆ ಹೋದೆವು.

ಮಿಲ್ಲಿನಲ್ಲಿ ನನ್ನ ಪಕ್ಕ ಕೂರುವವಳೊಬ್ಬಳಿದ್ದಳು. ವರವು ಕಾವಲ್ ಕಡೆಯವಳು, ಕುರಿ ಕಾದು ಬೆಳೆದವಳು. ಬಯಲಿಗೆ ಹೋಗುವುದು ಅವಳಿಗೆ ಹೊಸದಲ್ಲ. "ನಮ್ಮ ಕಾವಲ್‌ನಾಗೆ ನಿಂತು ನೋಡಿದ್ರೆ ಕಣ್ಣಿಗೆ ಹುಲ್ಲು ಬಿಟ್ಟು ಇನ್ನೊಂದು ಕಾಣಲ್ಲ. ಇಲ್ಲಿ ಎಲ್ಲಿ ಕೂತರೂ ಲಾರಿ ಕ್ಲೀನರ್‌ಗಳ ಕಣ್ಣು" ಎನ್ನುತ್ತಿದ್ದಳು. ಮೂರನೆಯ ಹೆರಿಗೆ ಆದ ಮೇಲೆ ಅವಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೆ ಅವಳು ಕಂಡುಕೊಂಡ ಉಪಾಯ, ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದು. ಚಳ್ಳಕೆರೆಯ ಬೇಸಿಗೆಯಲ್ಲಿ, ಆ ಹೊಟ್ಟಿನ ನಡುವೆ, ಸಂಜೆಯವರೆಗೆ ಒಂದು ಗುಟುಕು ನೀರಿಲ್ಲ. ಒಂದು ದಿನ ಜರಡಿಯ ಪಕ್ಕ ಬಿದ್ದಳು. ಆಸ್ಪತ್ರೆಯಲ್ಲಿ ಕಿಡ್ನಿ ಕೆಟ್ಟಿದೆ ಎಂದರು.

ಆ ವಾರದಲ್ಲಿ ನಾನು ಮೆಂಬರನ್ನು ಮೂರು ಸಲ ಕಂಡೆ. ಮೊದಲ ಸಲ, "ಬೀಗದ ಕೈ ಕೊಡಿಸ್ತೀನಿ ಬಿಡಮ್ಮ" ಎಂದ. ಎರಡನೆಯ ಸಲ, "ನೀರಿನ ಕನೆಕ್ಷನ್ ಆಗಬೇಕು" ಎಂದ. ಮೂರನೆಯ ಸಲ ಅವನು ಚಹಾ ಅಂಗಡಿಯ ಮುಂದೆ ತನ್ನ ಕಡೆಯವರ ಜೊತೆ ನಿಂತಿದ್ದ. ನಾನು ಕೇಳಿದೆ. ಅವನು ಅವರ ಕಡೆ ತಿರುಗಿ, "ನೋಡ್ರಲೇ, ಇಷ್ಟು ವರ್ಷ ಬಯಲಿಗೆ ಹೋದೋರಿಗೆ ಈಗ ಟೈಲ್ಸೇ ಬೇಕಂತೆ" ಎಂದ. ಎಲ್ಲರೂ ನಕ್ಕರು. ಚಹಾದವನೂ ನಕ್ಕ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವನ ಮನೆಗೆ ಹೋದೆ. ಅವನ ಹಳೆಯ ಮನೆಗಾದರೆ ಬಾಗಿಲು ಬೀದಿಗೇ ಇತ್ತು. ಹೊಸ ಮನೆಗೆ ಆಳೆತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಗೇಟಿಗೊಬ್ಬ ಕಾವಲಿನವನು. ಮಣ್ಣು ತೂರಿದೆ. ಅದು ಗೇಟಿಗೆ ಬಡಿದು ನನ್ನ ಕಾಲಿನ ಮೇಲೇ ಬಿತ್ತು. ಶಾಪವನ್ನು ಪೂರಾ ಹೇಳಿದೆ. ಕಾವಲಿನವನು, "ಅಜ್ಜಿ, ಸಾಹೇಬ್ರು ಒಳಗೆ ಟಿ.ವಿ. ನೋಡ್ತಾವ್ರೆ, ಕೇಳ್ಸಲ್ಲ. ಯಾಕೆ ಸುಮ್ನೆ ಗಂಟಲು ನೋಯಿಸ್ಕೊಂತೀಯಾ" ಎಂದ. ಅವನು ಕೆಟ್ಟವನಲ್ಲ, ಇದ್ದದ್ದನ್ನು ಹೇಳಿದ.

ಅಲ್ಲಿಂದ ಸೀದಾ ಮಗಳ ಅಂಗಡಿಗೆ ಹೋದೆ. ಗಿರಾಕಿ ಇರಲಿಲ್ಲ. ಅವಳು ನನ್ನ ಸೆರಗಿನ ಮಣ್ಣು ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನಮ್ಮ ಊರಿನವರೆಲ್ಲ ಸೇರಿಕೊಂಡಿದ್ದ ಒಂದು ಪುಟವಿತ್ತು. ಮೆಂಬರು ಅಲ್ಲಿ ಪಾಯಿಖಾನೆಯ ರಿಬ್ಬನ್ ಕತ್ತರಿಸುವ ತನ್ನ ಫೋಟೊ ಹಾಕಿಕೊಂಡಿದ್ದ. ಫೋಟೊದ ಮೂಲೆಯಲ್ಲಿ ಲಾಡು ಹಿಡಿದುಕೊಂಡು ನಾನೂ ನಿಂತಿದ್ದೆ. ಕೆಳಗೆ ಬೆಂಗಳೂರಿನವರು, ದುಬೈಯವರು ಕೂಡ ಭೇಷ್ ಭೇಷ್ ಎಂದು ಬರೆದಿದ್ದರು.

"ಇದನ್ನ ಅವನು ನೋಡ್ತಾನಾ?" ಎಂದು ಕೇಳಿದೆ.

"ದಿನಾ ನೋಡ್ತಾನೆ. ಯಾರು ಏನು ಬರೆದ್ರು ಅಂತ ಹುಡುಗರ ಕೈಲಿ ಓದಿಸ್ಕೊಂತಾನೆ."

"ಮಿಕ್ಕೋರೂ ನೋಡ್ತಾರಾ?"

"ಎಲ್ಲರೂ ನೋಡ್ತಾರೆ ಅವ್ವ."

"ಹಂಗಾದ್ರೆ ಅವನ ಬಾಗಿಲು ಈಗ ಇದೇ. ಬರಿ."

ಅವಳು ಬೀಗ ಹಾಕಿರುವ ವಿಷಯ, ಸಿಮೆಂಟ್ ಮೂಟೆಯ ವಿಷಯ, ನನ್ನ ಜೊತೆಗಾತಿ ಬಿದ್ದ ವಿಷಯ ಬರೆದಳು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದಳು. ಆಗ ಎಲ್ಲರೂ ಹಾಗೇ ಹೊಡೆಯುತ್ತಿದ್ದರಂತೆ. ಬರೆದು ನಿಲ್ಲಿಸಿ, "ಸಾಕು ಅವ್ವ. ಶಾಪ ಬೇಡ" ಎಂದಳು.

"ಶಾಪ ಇಲ್ದೆ ಮೂರು ಸಲ ಹೇಳಾಯ್ತು. ಬರಿ."

ನಾನು ಹೇಳುತ್ತಾ ಹೋದೆ, ಅವಳು ಹೊಡೆದಳು. ಬೀಗ ಹಾಕಿದ ಕೈ ಸೇದಿಹೋಗಲಿ. ನಮ್ಮನ್ನು ಜಾಲಿ ಮರೆಗೆ ಅಟ್ಟಿದವನ ಬಾಗಿಲಿಗೆ ಮಣ್ಣು ಬೀಳಲಿ. ಕೊನೆಗೆ ಅವ್ವನ ತೆಲುಗು ಮಾತನ್ನೂ ಸೇರಿಸಿಸಿದೆ.

"ಯಾರ ಹೆಸರು ಹಾಕ್ಲಿ?" ಎಂದಳು. "ಇಲ್ಲಿ ಯಾರೂ ಸ್ವಂತ ಹೆಸರು ಹಾಕಲ್ಲ. ಹುಲಿ, ಸಿಂಹ, ಗೆಳೆಯ ಅಂತ ಏನೋ ಒಂದು ಹಾಕ್ಕೊಂತಾರೆ. ನಾನೂ ಒಂದು ಹೊಸದು ಮಾಡ್ತೀನಿ. ಎರಡು ನಿಮಿಷ."

"ಕಳ್ಳರಂಗೆ ಹೆಸರು ಮುಚ್ಚಿಟ್ಕೊಂಡು ಮಣ್ಣು ತೂರೋದು ನಮ್ಮ ಮನೇಲಿ ಇಲ್ಲ. ನನ್ನ ಹೆಸರು ಹಾಕು."

"ನಿನ್ನ ಹೆಸರು ಇದರಾಗೆ ಇಲ್ಲ ಅವ್ವ. ನಂದೈತೆ."

"ನಂದಾದ್ರೇನು, ನಿಂದಾದ್ರೇನು. ನಿಂದೇ ಹಾಕು. ಯಾವ ಬೀದಿ ಅಂತಾನೂ ಹಾಕು. ಯಾರು ತೂರಿದ್ರು ಅಂತ ಅವನಿಗೆ ಗೊತ್ತಾಗಬೇಕು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಹಾಕಿದಳು. ಆ ಎರಡು ನಿಮಿಷ ನಾನು ತಡೆದುಕೊಂಡಿದ್ದರೆ ಈ ಬರವಣಿಗೆ ಇರುತ್ತಿರಲಿಲ್ಲ.

ಮೂರನೆಯ ದಿನ ಯಾರಾದರೂ ಮಾತಿಗೆ ಬರುತ್ತಾರೆ ಎಂದು ನಾನು ಎದುರು ನೋಡುತ್ತಿದ್ದೆ. ಹಿರಿಯರು ಯಾರಾದರೂ ಬಂದಾರು, ಭಾವಮೈದನೇ ಬಂದಾನು. ಬಂದವರು ಪೊಲೀಸರು. ಮನೆಗೆ ಬರಲಿಲ್ಲ, ಸೈಬರ್ ಅಂಗಡಿಗೆ ಹೋಗಿ ಮಗಳನ್ನೂ ಅವಳ ಕಂಪ್ಯೂಟರನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದರು. ಅಂಗಡಿಯ ಮಾಲೀಕ ಮಿಲ್ಲಿನ ಬಾಗಿಲಿಗೆ ಬಂದು, "ನಿನ್ನ ಮಗಳಿಂದ ನನ್ನ ಅಂಗಡಿ ಮುಚ್ಚೋ ಹಂಗಾಯ್ತು. ಠಾಣೆಗೆ ಹೋಗು" ಎಂದು ಹೇಳಿ ನಿಲ್ಲದೆ ಹೋದ. ತಲೆಯ ಮೇಲಿನ ಹೊಟ್ಟನ್ನೂ ಕೊಡವದೆ ಓಡಿದೆ.

ಅವಳನ್ನು ಒಂದು ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಒಬ್ಬ ಕುಡುಕ ನಿದ್ದೆ ಮಾಡುತ್ತಿದ್ದ. ಅವಳು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಪರೀಕ್ಷೆಗೆ ಮೊದಲು ಹಾಗೆ ಕೂರುವುದು ಅವಳ ಅಭ್ಯಾಸ.

ಸಬ್ ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವನು. ಹೋಗೆ ಬಾರೆ ಎನ್ನಲಿಲ್ಲ, ಕೂರಿ ಎಂದ. ದಫೇದಾರನೊಬ್ಬ ನಾವು ಬರೆದದ್ದನ್ನು ಕಾಗದದ ಮೇಲೆ ತೆಗೆಸಿ ಇಟ್ಟುಕೊಂಡಿದ್ದ. ಅದನ್ನು ಓದು ಎಂದು ಸಬ್ ಇನ್ಸ್‌ಪೆಕ್ಟರ್ ಅವನಿಗೆ ಹೇಳಿದ. ಇಂಗ್ಲಿಷ್ ಅಕ್ಷರದ ಕನ್ನಡ ಅವನಿಗೆ ಓಡಲಿಲ್ಲ. ಒಂದನೇ ಕ್ಲಾಸಿನವರಂತೆ ಒಂದೊಂದೇ ಅಕ್ಷರ ಕೂಡಿಸಿ, ಕೈ ಸೇ, ಸೇದಿ, ಸೇದಿಹೋಗಲಿ ಎಂದು ನನ್ನ ಶಾಪವನ್ನು ನನಗೇ ಓದಿದ. ತೆಲುಗು ಮಾತು ಬಂದಾಗ, "ಇದೇನು ಸಾರ್, ಕೋಡಾ?" ಎಂದ. ನನಗೆ ನಗು ಬಂತು. ನಗಬಾರದಾಗಿತ್ತು.

"ಈ ಮಾತು ನಂದು ಸ್ವಾಮಿ" ಎಂದೆ. "ನನ್ನ ಮೇಲೆ ಬರ್ಕೊಳ್ಳಿ. ಅವಳನ್ನ ಬಿಡಿ."

"ನಿನಗೆ ಕಂಪ್ಯೂಟರ್ ಬರ್ತೈತಾ?" ಎಂದು ದಫೇದಾರ ಕೇಳಿದ.

"ಇಲ್ಲ."

"ಇಂಗ್ಲಿಷ್ ಅಕ್ಷರ?"

"ಇಲ್ಲ."

"ಮತ್ತೆ ನೀನು ಹೆಂಗೆ ಕಳಿಸ್ದೆ?"

"ಬಾಯಿ ನಂದು, ಕೈ ಅವಳದು."

ಸಬ್ ಇನ್ಸ್‌ಪೆಕ್ಟರ್ ಹೇಳಿದ, "ಅಮ್ಮ, ಈ ಕಾನೂನು ಯಾರು ಕಳಿಸಿದ್ರು ಅಂತ ಕೇಳುತ್ತೆ. ಯಾರು ಹೇಳಿಕೊಟ್ರು ಅಂತ ಹುಡುಕೋಕೆ ಹೋಗಲ್ಲ. ಹೆಸರು ಅವಳದು, ಬೀದಿ ಕೂಡ ಬರೆದಿದ್ದಾಳೆ."

"ಮೂರು ದಿನದ ಹಿಂದೆ ಇದೇ ಮಾತನ್ನ ಅವನ ಗೇಟಿನ ಮುಂದೆ ನಿಂತು ಕೂಗಿದೀನಿ. ಕಾವಲಿನವನನ್ನ ಕೇಳಿ. ಆವಾಗ ಯಾಕೆ ಹಿಡೀಲಿಲ್ಲ?"

"ರಸ್ತೇಲಿ ಬೈಯ್ದಿದ್ದಕ್ಕೆ ಯಾರು ಕೇಸ್ ಹಾಕ್ತಾರೆ? ಇದು ಬೇರೆ. ಕಂಪ್ಯೂಟರಲ್ಲಿ ಮನಸ್ಸಿಗೆ ನೋವಾಗೋ ಹಂಗೆ ಬರೆದ್ರೆ ಮೂರು ವರ್ಷದವರೆಗೂ ಒಳಗೆ ಹಾಕಬಹುದು. ಹೊಸದಾಗಿ ಬಂದೈತೆ."

"ಅವನ ಮನಸ್ಸಿಗೆ ನೋವಾಯ್ತಾ?"

"ಆಯ್ತು ಅಂತ ಬರ್ಕೊಟ್ಟಿದ್ದಾರೆ."

"ಬೀಗ ಹಾಕಿದ್ದಕ್ಕೆ ಯಾವ ಕಾನೂನು ಐತೆ ಸ್ವಾಮಿ?"

ಅವನು ಮಗಳ ಕಡೆ ನೋಡಿ, ದನಿ ತಗ್ಗಿಸಿ, ಆಗಬೇಕಾದ್ದನ್ನು ಹೇಳಿದ. ದೂರು ಇನ್ನೂ ದೂರಾಗಿಯೇ ಇದೆ, ಕೇಸಾಗಿಲ್ಲ. ಕೇಸಾದರೆ ಶಾಲೆಯ ಕೆಲಸಕ್ಕೆ ನಡತೆಯ ಕಾಗದ ಬರೆಯಬೇಕಾದವನು ತಾನೇ, ಕೇಸಿದೆ ಎಂದು ಬರೆಯಲೇಬೇಕಾಗುತ್ತದೆ. ಅದಾದ ಮೇಲೆ ಆ ಕೆಲಸ ಪಟ್ಟಿಯಲ್ಲಿ ಅವಳ ಹಿಂದಿರುವವರಿಗೆ ಹೋಗುತ್ತದೆ. ಮೆಂಬರು ದೂರು ವಾಪಸ್ ತೆಗೆದುಕೊಂಡರೆ ಏನೂ ಇಲ್ಲ. "ಹೋಗಿ ತಪ್ಪಾಯ್ತು ಅನ್ನಿ. ನನಗೂ ತಂಗಿ ಇದ್ದಾಳೆ" ಎಂದ. ಸಂಜೆ ಮನೆಗೆ ಕಳಿಸಿದರು. ಎರಡು ದಿನ ಟೈಮ್ ಕೊಟ್ಟರು.

ಅವಳು ಮನೆಗೆ ಬಂದು ಒಲೆ ಹಚ್ಚಿದಳು, ಅಕ್ಕಿ ತೊಳೆದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು, "ನಾನು ತಪ್ಪಾಯ್ತು ಅನ್ನಲ್ಲ."

"ಅನ್ಬೇಕು."

"ಏನು ಸುಳ್ಳು ಬರೆದೀನಿ ಅವ್ವ? ಬೀಗ ಇಲ್ವಾ? ಸಿಮೆಂಟ್ ಇಲ್ವಾ? ನಿನ್ನ ಜೊತೆಗಾತಿ ಬೀಳಲಿಲ್ವಾ?"

"ಎಲ್ಲ ಐತೆ. ಆದ್ರೂ ಅನ್ಬೇಕು."

"ಕೋರ್ಟಿಗೆ ಹೋಗಲಿ. ನಾನು ಅಲ್ಲಿ ಹೇಳ್ತೀನಿ. ಇಡೀ ಮಿಲ್ಲಿನ ಹೆಂಗಸರು ಬಂದು ಹೇಳ್ತಾರೆ. ನೀನೂ ಹೇಳ್ತೀಯಾ."

"ಹೇಳೋದ್ರೊಳಗೆ ನಿನ್ನ ಕೆಲಸ ಇನ್ನೊಬ್ಬಳಿಗೆ ಹೋಗಿರ್ತೈತೆ. ಆಮೇಲೆ ನನ್ನ ಪಕ್ಕ ಬಂದು ಕೂರು. ಮೊರ ಕೊಡಿಸ್ತೀನಿ."

"ಕೂರ್ತೀನಿ" ಎಂದಳು. "ಅಲ್ಲಿ ಕೂತೋರೆಲ್ಲ ಮನುಷ್ಯರಲ್ವಾ?"

ಕೆನ್ನೆಗೆ ಹೊಡೆದೆ. ಇಪ್ಪತ್ತನಾಲ್ಕು ವರ್ಷದವಳಿಗೆ. ಅವಳು ಅಳಲಿಲ್ಲ. ಅನ್ನ ಇಳಿಸಿ, ನನಗೆ ಬಡಿಸಿ, ತಾನು ಉಣ್ಣದೆ ಎದ್ದಳು.

ಅವಳಿಗೆ ಹೆಸರು ಹಾಕು ಎಂದವಳು ನಾನು, ಈಗ ಹೆಸರು ಅಳಿಸು ಎನ್ನುತ್ತಿರುವವಳೂ ನಾನು. ಅದು ನನಗೆ ತಿಳಿಯದೆ ಇರಲಿಲ್ಲ. ನನ್ನ ಮೇಲೆ ಕೇಸು ಹಾಕಿದ್ದರೆ ಜೈಲಿಗೆ ಹೋಗುತ್ತಿದ್ದೆ, ಅಲ್ಲಿ ಹೊಟ್ಟಾದರೂ ಇರುವುದಿಲ್ಲ. ನನ್ನದನ್ನು ಕಳೆದುಕೊಳ್ಳುವ ಧೈರ್ಯ ನನಗಿತ್ತು. ಅವಳದನ್ನು ಕಳೆಯುವ ಧೈರ್ಯ ಇರಲಿಲ್ಲ. ಅವಳಿಗೆ ಇತ್ತು, ನಾನು ಬಿಡಲಿಲ್ಲ.

ಮಾರನೆಯ ದಿನ ಅವಳನ್ನು ಕರೆದುಕೊಂಡು ಮೆಂಬರಿನ ಮನೆಗೆ ಹೋದೆ. ಗೇಟು ತೆರೆದೇ ಇತ್ತು. ಒಂದು ಚೊಂಬು ನೀರು ತಂದಿದ್ದೆ. ಮೆಟ್ಟಿಲ ಮುಂದೆ ಸುರಿದು, "ಶಾಪ ವಾಪಸ್ ತಗೊಂಡೀನಿ. ನಿಮ್ಮ ಮನೆ ತಣ್ಣಗಿರಲಿ" ಎಂದೆ. ಅವನು ವರಾಂಡದ ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅವನ ಅವ್ವನಾಗಿದ್ದರೆ ಆ ನೀರಿನ ಅರ್ಥ ಗೊತ್ತಾಗುತ್ತಿತ್ತು.

"ನೀರಿಂದ ಏನಾಗ್ತೈತಮ್ಮ" ಎಂದ. "ದುಬೈಲಿ ಇರೋರೂ ಓದಿದ್ದಾರೆ. ನಿಮ್ಮ ಮಗಳು ಬರ್ಕೊಡಬೇಕು. ಅಲ್ಲೂ ಹಾಕಬೇಕು."

ಬರೆಯಬೇಕಾದ್ದನ್ನು ಅವನ ಕಡೆಯವನೊಬ್ಬ ಮೊದಲೇ ಒಂದು ಹಾಳೆಯಲ್ಲಿ ಸಿದ್ಧ ಮಾಡಿ ಇಟ್ಟಿದ್ದ. ಮಗಳು ಅದನ್ನು ನೋಡಿಕೊಂಡು ತನ್ನ ಕೈಬರಹದಲ್ಲಿ ಬರೆಯಬೇಕು. ತಪ್ಪಾಯಿತು, ಕ್ಷಮಿಸಿ ಎನ್ನುವವರೆಗೆ ಅವಳ ಕೈ ಓಡಿತು. ಅದರ ಮುಂದೆ ಹೀಗಿತ್ತು: ಮಹಿಳೆಯರ ಶೌಚಾಲಯ ಪ್ರತಿದಿನ ತೆರೆದಿರುತ್ತದೆ, ಮಿಲ್ಲಿನ ಮಹಿಳೆಯರೆಲ್ಲ ಅದನ್ನು ಉಪಯೋಗಿಸುತ್ತಿದ್ದಾರೆ, ನಾನು ಅಸೂಯೆಯಿಂದ ಸುಳ್ಳು ಬರೆದೆ. ಅಲ್ಲಿಗೆ ಬಂದು ಅವಳ ಪೆನ್ನು ನಿಂತಿತು.

"ತಪ್ಪಾಯ್ತು ಅಂತ ಬರೆದೀನಲ್ಲ. ಇದನ್ನ ಹೆಂಗೆ ಬರೀಲಿ?" ಎಂದು ನನ್ನನ್ನು ಕೇಳಿದಳು. ಅವನನ್ನು ಕೇಳಲಿಲ್ಲ.

"ಬರಿ" ಎಂದೆ.

ಬರೆದಳು. ಅವಳ ಅಕ್ಷರ ಮುತ್ತಿನಂತೆ ಇರುತ್ತದೆ, ಅವತ್ತೂ ಹಾಗೇ ಇತ್ತು. ಸಾಕ್ಷಿಗೆಂದು ನನ್ನ ಸಹಿಯನ್ನೂ ಕೇಳಿದರು. ಹೆಬ್ಬೆಟ್ಟು ಒತ್ತಿಸಲು ಮಸಿ ತಂದರು. ನಾನು ಪೆನ್ನು ಇಸಿದುಕೊಂಡು ಹೆಸರು ಬರೆದೆ. ಮೆಂಬರು, "ಪರವಾಗಿಲ್ವೇ, ಓದ್ಕೊಂಡೋಳು" ಎಂದ.

ಆ ಕಾಗದವನ್ನು ಜೆರಾಕ್ಸ್ ಮಾಡಿಸಿ ಪಾಯಿಖಾನೆಯ ಬಾಗಿಲಿಗೇ ಅಂಟಿಸಿದರು. ಬೀಗದ ಮೇಲೆ, ಸೀರೆಯ ಹೆಂಗಸಿನ ಚಿತ್ರದ ಕೆಳಗೆ. ನನ್ನ ಜೊತೆಗಾತಿ ಆಸ್ಪತ್ರೆಯಿಂದ ಬಂದು ಮತ್ತೆ ಕೆಲಸಕ್ಕೆ ಸೇರಿದ್ದಳು. ಅವಳಿಗೆ ಓದು ಬರದು. ಮಧ್ಯಾಹ್ನ ನನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ಹಿಂದೆ ಐದಾರು ಹೆಂಗಸರು ಬಂದರು.

"ನಿನಗೆ ಅಕ್ಷರ ಬರ್ತೈತಲ್ಲ. ಓದು" ಎಂದಳು.

ಓದಿದೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಕೊನೆಯಲ್ಲಿದ್ದ ನನ್ನ ಹೆಸರನ್ನೂ ಓದಿದೆ.

"ತೆರೆದೈತಾ?" ಎಂದಳು ಅವಳು. ಬೀಗವನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿದಳು. "ಹಂಗಾದ್ರೆ ನಾನೇ ದಾರಿ ತಪ್ಪಿ ಜಾಲಿ ಕಡೆ ಹೋಗ್ತಿದೀನಿ ಅನ್ನು."

ಬೇರೆಯವರು ನಕ್ಕರು. ಕೆಟ್ಟ ನಗು ಅಲ್ಲ, ಏನು ಮಾಡಬೇಕೆಂದು ತಿಳಿಯದ ನಗು. ಮಾರನೆಯ ದಿನ ನೋಡಿದರೆ ಅವಳ ಮೊರ ಇನ್ನೊಂದು ಸಾಲಿಗೆ ಹೋಗಿತ್ತು. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳು. ಎರಡು ವರ್ಷ ಹಾಗೇ ಎಳೆದು ಆಮೇಲೆ ಸತ್ತಳು. ಮಣ್ಣಿಗೆ ಹೋಗಿದ್ದೆ. ಅವಳ ಮಕ್ಕಳು ನನ್ನನ್ನು ತಡೆಯಲಿಲ್ಲ, ಬಾ ಎಂದೂ ಅನ್ನಲಿಲ್ಲ.

ನಡತೆಯ ಕಾಗದ ಹೋಯಿತು. ಆರ್ಡರ್ ಬಂತು. ಮಗಳಿಗೆ ಸಿಕ್ಕಿದ್ದು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆ, ನನ್ನ ತವರಿನಿಂದ ದೂರವಿಲ್ಲ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಹಬ್ಬಕ್ಕೆ ಬರುತ್ತಿದ್ದಳು, ನನಗೆ ಸೀರೆ ತರುತ್ತಿದ್ದಳು, ಕೆಮ್ಮಿಗೆ ಔಷಧಿ ತರುತ್ತಿದ್ದಳು. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಬಸ್ಸು ಎಷ್ಟೊತ್ತಿಗೆ, ಇಷ್ಟೇ ಮಾತು. ಮೊದಲು ಅವಳು ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ಅನ್ನಕ್ಕೆ ಉಪ್ಪು ಹೆಚ್ಚಾದರೂ ನನ್ನ ಜೊತೆ ಜಗಳ ಆಡುತ್ತಿದ್ದಳು. ಫೋನಿನಲ್ಲಿ ನಾನು ಯಾರನ್ನಾದರೂ ಬೈಯಲು ಶುರು ಮಾಡಿದರೆ, "ಅವ್ವ, ಫೋನಲ್ಲಿ ಬೇಡ" ಎನ್ನುತ್ತಿದ್ದಳು. ಎದುರಿಗೆ ಕೂತಾಗ ಬೈದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಎಷ್ಟೋ ವರ್ಷದ ಮೇಲೆ, ದೊಡ್ಡ ಕೋರ್ಟು ಆ ಕಾನೂನನ್ನೇ ತೆಗೆದುಹಾಕಿತು ಎಂದು ಸೈಬರ್ ಅಂಗಡಿಯ ಮಾಲೀಕ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಅವನು ಆಗಲೇ ಅಂಗಡಿ ಮುಚ್ಚಿ ಮೊಬೈಲ್ ಕವರು ಮಾರುತ್ತಿದ್ದ. ಮಗಳಿಗೆ ಹೇಳಿದೆ. "ಗೊತ್ತೈತೆ ಅವ್ವ" ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಅದೆಲ್ಲಕ್ಕೂ ಮೊದಲಿನದೊಂದು ಇದೆ. ಅವಳು ಕೆಲಸಕ್ಕೆ ಸೇರಿದ ವರ್ಷವೇ ನಡೆದದ್ದು. ಅವಳಿಗೆ ಜ್ವರ ಬಂದಿದೆ ಎಂದು ತಿಳಿದು ನಾನು ಅವಳ ಕೋಣೆಗೆ ಹೋಗಿದ್ದೆ. ಜ್ವರ ಬಿಟ್ಟಿತ್ತು. ಸಂಜೆ ಬಾಗಿಲ ಹತ್ತಿರದ ಬೆಳಕಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ನಮ್ಮ ಊರು ಎಂದು ಪ್ರಬಂಧ ಬರೆಸಿದ್ದಳು. ನಾನು ಬೆನ್ನ ಹಿಂದೆ ನಿಂತು ಓದುತ್ತಿದ್ದೆ, ಮೆಲ್ಲಗೆ, ಅಕ್ಷರ ಕೂಡಿಸಿಕೊಂಡು. ಒಂದು ಹುಡುಗಿಯ ಪುಸ್ತಕದಲ್ಲಿ ಹೀಗಿತ್ತು: ನಮ್ಮ ಊರಿಗೆ ನೀರಿನ ಟ್ಯಾಂಕರ್ ಬರುತ್ತದೆ. ಅದು ಅಧ್ಯಕ್ಷರ ತೋಟಕ್ಕೆ ಮೊದಲು ಹೋಗುತ್ತದೆ. ಮಿಕ್ಕಿದ ನೀರು ನಮಗೆ ಬರುತ್ತದೆ.

ಮಗಳು ಕೆಂಪು ಪೆನ್ನಿನಿಂದ ನಡುವಿನ ಸಾಲಿಗೆ ಗೆರೆ ಎಳೆದಳು. ಕೊನೆಯ ಸಾಲಿಗೂ ಎಳೆದಳು.

"ಅಕ್ಷರ ತಪ್ಪೈತಾ?" ಎಂದು ಕೇಳಿದೆ.

"ಇಲ್ಲ. ಚೆನ್ನಾಗಿ ಬರೀತಾಳೆ ಹುಡುಗಿ."

"ಟ್ಯಾಂಕರ್ ತೋಟಕ್ಕೆ ಹೋಗಲ್ವಾ?"

"ಹೋಗ್ತೈತೆ. ನಾನೇ ನೋಡೀನಿ."

"ಮತ್ತೆ?"

ಅವಳು ಪುಸ್ತಕವನ್ನು ಕೂಡಲೇ ಮುಚ್ಚಲಿಲ್ಲ. ಗೆರೆಯ ಪಕ್ಕದ ಖಾಲಿ ಜಾಗದಲ್ಲಿ, ನಮ್ಮ ಊರಿಗೆ ನೀರಿನ ಸೌಕರ್ಯ ಇದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಆಮೇಲೆ ಹೇಳಿದಳು, "ಈ ಪುಸ್ತಕ ಯಾರ್ಯಾರ ಕೈಗೆ ಹೋಗ್ತೈತೋ ಅವ್ವ. ಅದರ ಮೇಲೆ ಅವಳ ಹೆಸರೈತೆ."

ನಾನು ಏನಾದರೂ ಅನ್ನಬಹುದಿತ್ತು. ನನ್ನ ಬಾಯಿಗೆ ಇಡೀ ಮಿಲ್ಲು ಹೆದರುತ್ತಿತ್ತು. ಅವಳು ಮುಂದಿನ ಪುಸ್ತಕ ತೆಗೆದುಕೊಂಡಳು. ನಾನು ಒಳಗೆ ಹೋಗಿ ಅವಳಿಗೆ ಗಂಜಿ ಬಿಸಿ ಮಾಡಿದೆ.